ಹಳೆ ಮನೆ ಕೊಂಡು, ರಿಪೇರಿ ಮಾಡಿಸಿ, ಮಾರಿದರೆ 20 ಲಕ್ಷ ಉಳಿಯುತ್ತಾ?

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ತೆರಿಗೆಯಲ್ಲಿ ಶೇ. 30ರ ಸ್ಲ್ಯಾಬಿನಲ್ಲಿದ್ದೇನೆ. ಒಂದು ವರ್ಷದಿಂದ ಅಮೆರಿಕದವರ 'ಹೌಸ್ ಫ್ಲಿಪ್ಪಿಂಗ್' ವಿಡಿಯೋಗಳನ್ನು ನೋಡಿ ನನಗೂ ಆಸೆ ಹುಟ್ಟಿದೆ. ಮೈಸೂರಿನ ಕುವೆಂಪುನಗರದಲ್ಲಿ 30×40 ಸೈಟಿನ ಮೇಲೆ 1,100 ಅಡಿಯ, 30 ವರ್ಷದ ಹಳೆ ಮನೆ 90 ಲಕ್ಷಕ್ಕೆ ಬಂದಿದೆ. ಪಕ್ಕದ ಖಾಲಿ ಸೈಟು ಅಡಿಗೆ 7,000 ಅಂತೆ. 10 ಲಕ್ಷ ಹಾಕಿ ಹೊಸದರಂತೆ ಮಾಡಿದರೆ 1 ಕೋಟಿ 20 ಲಕ್ಷಕ್ಕೆ ಹೋಗುತ್ತದೆ ಅಂತ ಬ್ರೋಕರ್ ಹೇಳುತ್ತಾರೆ. ನನ್ನ ಹತ್ತಿರ 35 ಲಕ್ಷ ಇದೆ. 65 ಲಕ್ಷ ಸಾಲಕ್ಕೆ ಬ್ಯಾಂಕು ಒಪ್ಪಿದೆ. ಮನೆಯ ಯಜಮಾನರು ತೀರಿಕೊಂಡಿದ್ದಾರೆ. ಮಗ ಅಮೆರಿಕದಲ್ಲಿದ್ದಾರೆ, ಇಲ್ಲಿರುವ ಭಾವನಿಗೆ ಜಿಪಿಎ (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಕೊಟ್ಟಿದ್ದಾರೆ. ಮನೆಯಲ್ಲಿ ಬಾಡಿಗೆಯವರು ಇದ್ದಾರೆ, ಬಿಡಿಸಿಕೊಡುತ್ತಾರಂತೆ. 75 ಲಕ್ಷಕ್ಕೆ ನೋಂದಣಿ ಮಾಡಿಸಿ 15 ಲಕ್ಷ ನಗದು ಕೊಡಿ ಅಂತ ಕೇಳುತ್ತಿದ್ದಾರೆ. ಈ ಶುಕ್ರವಾರ 2 ಲಕ್ಷ ಟೋಕನ್ ಕೊಡಬೇಕು. ಆರು ತಿಂಗಳಲ್ಲಿ 20 ಲಕ್ಷ ಉಳಿದರೆ ಕೆಲಸ ಬಿಟ್ಟು ಇದನ್ನೇ ಮಾಡೋಣ ಅಂತಿದ್ದೇನೆ. ಹೆಂಡತಿಯ ಹೆಸರಲ್ಲಿ ತೆಗೆದುಕೊಂಡರೆ ತೆರಿಗೆ ಉಳಿಯುತ್ತಾ? ಅವಳಿಗೆ ಈ ವ್ಯವಹಾರವೇ ಇಷ್ಟವಿಲ್ಲ, ಅದು ಬೇರೆ ಮಾತು.

ಉತ್ತರ: ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಬ್ಯಾಂಕುಗಳು ಸಾಲ ಕೊಡುವ ಮೊದಲು ಮನೆಯ ಬೆಲೆ ಕಟ್ಟಲು ಒಬ್ಬರನ್ನು ಕಳಿಸುತ್ತವಲ್ಲ, ಟೇಪು ಹಿಡಿದುಕೊಂಡು ಬರುವ ಆ ಮನುಷ್ಯ ನಾನೇ. ಇಪ್ಪತ್ತು ವರ್ಷ ದಾಟಿತು. ಹಾಗಾಗಿ ನಿಮ್ಮ ಪತ್ರವನ್ನು ಕೊಳ್ಳುವವರ ಕಣ್ಣಿನಿಂದಲೂ ಓದಿದೆ, ನಾಳೆ ನಿಮ್ಮಿಂದ ಕೊಳ್ಳಲು ಬರುವವರ ಬ್ಯಾಂಕಿನ ಕಣ್ಣಿನಿಂದಲೂ ಓದಿದೆ.

ನಿಮ್ಮ ಲೆಕ್ಕ ಹೀಗಿದೆ. 90 ಕೊಡುತ್ತೀರಿ, 10 ಹಾಕುತ್ತೀರಿ, 120ಕ್ಕೆ ಮಾರುತ್ತೀರಿ, 20 ಉಳಿಯುತ್ತದೆ. ಕೈಯಲ್ಲಿ 35, ಬ್ಯಾಂಕಿನದು 65, ಒಟ್ಟು ಸರಿಯಾಗಿ 100. ಇಷ್ಟು ಚೆಂದವಾಗಿ ಕೂಡುವ ಲೆಕ್ಕ ನೋಡಿದರೆ ನನಗೆ ಸ್ವಲ್ಪ ಭಯ. ಇದರಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯೇ ಇಲ್ಲ, ನೋಡಿ.

ಕರ್ನಾಟಕದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಒಟ್ಟು ಶೇ. 7.6. ನಿಮ್ಮ 90 ಲಕ್ಷಕ್ಕೆ 6 ಲಕ್ಷ 84 ಸಾವಿರ. ಬ್ರೋಕರಿಗೆ ಶೇ. 1 ಅಂದರೂ 90 ಸಾವಿರ. ವಕೀಲರು, ಖಾತೆ, ಓಡಾಟ ಅಂತ 50 ಸಾವಿರ ಇಟ್ಟುಕೊಳ್ಳಿ. ನಿಮ್ಮ 100 ಲಕ್ಷದಲ್ಲಿ ಉಳಿಯುವುದು 1 ಲಕ್ಷ 76 ಸಾವಿರ. ರಿಪೇರಿ ಇನ್ನೂ ಶುರುವಾಗಿಲ್ಲ.

ರಿಪೇರಿಗೆ 10 ಅಂದಿದ್ದೀರಿ. ಹಳೆ ಮನೆಯಲ್ಲಿ 10 ಅಂದರೆ 13 ಅಂತಲೇ ನಾನು ಬರೆದುಕೊಳ್ಳುವುದು. ಯಾಕೆ ಅಂತ ಮುಂದೆ ಹೇಳುತ್ತೇನೆ. ಆರು ತಿಂಗಳು ಅನ್ನುವುದೂ ಆಸೆಯ ಮಾತು. ಕೆಲಸ ಮುಗಿಯಲು ನಾಲ್ಕು ತಿಂಗಳು, ಪಾರ್ಟಿ ಸಿಕ್ಕಿ ಅವರ ಸಾಲ ಮಂಜೂರಾಗಿ ನೋಂದಣಿ ಆಗಲು ಆರು ತಿಂಗಳು, ಅಲ್ಲಿಗೆ ಹತ್ತು. 65 ಲಕ್ಷಕ್ಕೆ ಶೇ. 8.5 ಬಡ್ಡಿ ಹಿಡಿದರೆ ತಿಂಗಳಿಗೆ 46 ಸಾವಿರ, ಹತ್ತು ತಿಂಗಳಿಗೆ 4 ಲಕ್ಷ 60 ಸಾವಿರ. ಮಾರುವಾಗ ಮತ್ತೆ ಬ್ರೋಕರಿಗೆ 1 ಲಕ್ಷ 20 ಸಾವಿರ. ಎಲ್ಲ ಕೂಡಿದರೆ 1 ಕೋಟಿ 17 ಲಕ್ಷ. ಅಂದುಕೊಂಡ ಬೆಲೆಯೇ ಬಂದರೂ ಉಳಿಯುವುದು 3 ಲಕ್ಷಕ್ಕೆ ಸ್ವಲ್ಪ ಕಡಿಮೆ. ಕೊಳ್ಳುವವರು ಚೌಕಾಸಿ ಮಾಡಿ 5 ಲಕ್ಷ ಇಳಿಸಿದರೆ 2 ಲಕ್ಷ ಕೈಯಿಂದಲೇ ಹೋಗುತ್ತದೆ. 5 ಲಕ್ಷ ಇಳಿಸದೆ ಮನೆ ಕೊಂಡವರನ್ನು ನಾನಂತೂ ಕಂಡಿಲ್ಲ.

ಇದು ತೆರಿಗೆಗೆ ಮೊದಲಿನ ಮಾತು. ಮನೆಯನ್ನು 24 ತಿಂಗಳ ಒಳಗೆ ಮಾರಿದರೆ ಲಾಭ ನಿಮ್ಮ ಸಂಬಳದ ಜೊತೆ ಸೇರುತ್ತದೆ. ನಿಮ್ಮ ಸ್ಲ್ಯಾಬಿನಲ್ಲಿ ಸೆಸ್ಸು ಸೇರಿ ಶೇ. 31.2. ಸಾಲದ ಬಡ್ಡಿಯನ್ನು ಖರ್ಚಿಗೆ ಸೇರಿಸಲು ಇಲಾಖೆ ತಕರಾರು ಮಾಡಿದರೆ ಬಡ್ಡಿಯ 4 ಲಕ್ಷ 60 ಸಾವಿರಕ್ಕೂ ತೆರಿಗೆ ಬೀಳುತ್ತದೆ, ಆಗ ಆ 3 ಲಕ್ಷದಲ್ಲಿ ನಿಮಗೆ ಉಳಿಯುವುದು 60 ಸಾವಿರ. ಹತ್ತು ತಿಂಗಳ ಓಡಾಟಕ್ಕೆ.

ಬಣ್ಣ ಬಳಿದರೆ ಬೆಲೆ ಏರುತ್ತದೆಯೇ?

ನಿಮ್ಮ ಬ್ರೋಕರ್ ಹೇಳಿದ 1 ಕೋಟಿ 20 ಲಕ್ಷ ಎಲ್ಲಿಂದ ಬಂತು ಅನ್ನುವುದೇ ಇಲ್ಲಿ ಮುಖ್ಯ.

ನಾನು ಆ ಮನೆಗೆ ಬಂದರೆ ಹೀಗೆ ಲೆಕ್ಕ ಹಾಕುತ್ತೇನೆ. ಸೈಟು 1,200 ಚದರಡಿ, ಅಡಿಗೆ 7,000, ಅಲ್ಲಿಗೆ 84 ಲಕ್ಷ. ಕಟ್ಟಡ 1,100 ಅಡಿ. ಸಾಧಾರಣ ಕೆಲಸಕ್ಕೆ ಇವತ್ತಿನ ದರ ಅಡಿಗೆ 2,000 ಹಿಡಿದರೆ 22 ಲಕ್ಷ. ಆರ್‌ಸಿಸಿ ಮನೆಗೆ ನಾವು 60 ವರ್ಷ ಆಯಸ್ಸು ಅಂತ ಹಿಡಿಯುವುದು ವಾಡಿಕೆ. ನಿಮ್ಮ ಮನೆಗೆ ಅರ್ಧ ಆಯಸ್ಸು ಮುಗಿದಿದೆ, ಸವಕಳಿ ಶೇ. 45 ಕಳೆಯುತ್ತೇನೆ. ಉಳಿಯುವುದು 12 ಲಕ್ಷ. ಒಟ್ಟು 96. ನೀವು ಒಳಗೆ 10 ಲಕ್ಷ ಸುರಿದಿದ್ದರೆ, ಒಳ್ಳೆಯ ಕೆಲಸ ಆಗಿದ್ದರೆ, ಇನ್ನೊಂದು ಮೂರು ನಾಲ್ಕು ಲಕ್ಷ ಸೇರಿಸಿ ಸುಮಾರು ಒಂದು ಕೋಟಿ ಅಂತ ಬರೆದು ಸಹಿ ಹಾಕುತ್ತೇನೆ. ನೀವು ಹಾಕಿಸಿದ ಫಾಲ್ಸ್ ಸೀಲಿಂಗ್ ಎಷ್ಟೇ ಚೆಂದ ಇರಲಿ, ನನ್ನ ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಈಗ ನಿಮ್ಮಿಂದ ಕೊಳ್ಳುವವರ ಪಾಡು ನೋಡಿ. ಸಾಲದ ಮೊತ್ತ 75 ಲಕ್ಷ ದಾಟಿದರೆ ಆಸ್ತಿ ಬೆಲೆಯ ಶೇ. 75ಕ್ಕಿಂತ ಹೆಚ್ಚು ಕೊಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಬ್ಯಾಂಕು ನೋಡುವುದು ನಿಮ್ಮಿಬ್ಬರ ಕರಾರಿನ ಬೆಲೆ, ನನ್ನ ವರದಿಯ ಬೆಲೆ, ಎರಡರಲ್ಲಿ ಕಡಿಮೆ ಇರುವುದನ್ನು. ಒಂದು ಕೋಟಿಗೆ 75 ಲಕ್ಷ ಸಿಗುತ್ತದೆ. ಉಳಿದ 45 ಲಕ್ಷ, ಜೊತೆಗೆ ನೋಂದಣಿಗೆ 9 ಲಕ್ಷ ಚಿಲ್ಲರೆ, ಅವರು ಕೈಯಿಂದ ತರಬೇಕು. 54 ಲಕ್ಷ ಕೈಯಲ್ಲಿ ಇಟ್ಟುಕೊಂಡವರು ನಿಮ್ಮ ಮನೆಯನ್ನೇ ಯಾಕೆ ಕೊಳ್ಳಬೇಕು? ಪಕ್ಕದ ಖಾಲಿ ಸೈಟನ್ನು 84ಕ್ಕೆ ಕೊಂಡರೆ, ನಿಮ್ಮ ಬೆಲೆಗೆ ಹೋಲಿಸಿದಾಗ 36 ಲಕ್ಷ ಮಿಕ್ಕುತ್ತದೆ. ಅದೇ 2,000ದ ದರದಲ್ಲಿ 1,800 ಅಡಿ ಹೊಸ ಮನೆ ಏಳುತ್ತದೆ. ಅವರ ಇಷ್ಟದ ನಕ್ಷೆ, ಅವರ ಇಷ್ಟದ ವಾಸ್ತು. ಮನೆ ಕಟ್ಟುವ ರಗಳೆ ಬೇಡ ಅನ್ನುವವರು ಇದ್ದೇ ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಆ ರಗಳೆ ತಪ್ಪಿಸಿಕೊಳ್ಳಲು 20 ಲಕ್ಷ ಜಾಸ್ತಿ ಕೊಡುವವರು ಕಡಿಮೆ.

ಅಮೆರಿಕದಲ್ಲಿ ನಡೆಯುತ್ತದಲ್ಲ ಅಂತ ನೀವು ಕೇಳಬಹುದು. ಅಲ್ಲಿ ಬಹಳ ಊರುಗಳಲ್ಲಿ ಬೆಲೆಯ ದೊಡ್ಡ ಪಾಲು ಕಟ್ಟಡದ್ದು, ನೆಲದ್ದು ಕಡಿಮೆ. ಮರದ ಚೌಕಟ್ಟಿನ ಮನೆ, ಗೋಡೆ ಕಿತ್ತು ಜಾಗ ಬದಲಿಸುವುದು ಸುಲಭ. ಟೆಕ್ಸಸ್‌ನಂಥ ರಾಜ್ಯದಲ್ಲಿ ಆಸ್ತಿ ವರ್ಗಾವಣೆಗೆ ತೆರಿಗೆಯೇ ಇಲ್ಲ. ನಮ್ಮಲ್ಲಿ ತಲೆಕೆಳಗು. ನಿಮ್ಮ 90 ಲಕ್ಷದಲ್ಲಿ 84 ಮಣ್ಣಿಗೆ, 6 ಮನೆಗೆ. ಮಣ್ಣಿಗೆ ಬಣ್ಣ ಬಳಿಯಲು ಆಗುವುದಿಲ್ಲವಲ್ಲ.

ಇನ್ನೊಂದು ತಮಾಷೆ ಇದೆ. ಆ ವಿಡಿಯೋದವರೇ ಹೇಳುವ ಒಂದು ನಿಯಮ ಉಂಟು, 'ಶೇ. 70ರ ಸೂತ್ರ'. ರಿಪೇರಿ ಆದ ಮೇಲೆ ಬರುವ ಬೆಲೆಯ ಶೇ. 70 ತೆಗೆದುಕೊಳ್ಳಿ, ಅದರಲ್ಲಿ ರಿಪೇರಿ ಖರ್ಚು ಕಳೆಯಿರಿ, ಅದಕ್ಕಿಂತ ಒಂದು ಕಾಸೂ ಜಾಸ್ತಿ ಕೊಡಬೇಡಿ ಅನ್ನುತ್ತದೆ ಅದು. ನಿಮ್ಮ 120ಕ್ಕೆ ಹಚ್ಚಿದರೆ 84, ಅದರಲ್ಲಿ 10 ಕಳೆದರೆ 74. ಅವರ ಪಾಠದ ಪ್ರಕಾರವೇ ಈ ಮನೆಗೆ 74 ಲಕ್ಷ ಕೊಡಬಹುದು. ನೀವು 90 ಕೊಡಲು ಹೊರಟಿದ್ದೀರಿ. ಬಣ್ಣ ಬಳಿಯುವ ಭಾಗ ಮಾತ್ರ ನೋಡಿ ಲೆಕ್ಕದ ಭಾಗ ಓಡಿಸಿಬಿಟ್ಟಿರಾ ಅಂತ ಅನುಮಾನ.

ಭಾವ ಅಂದರೆ ಯಾರು?

84 ಲಕ್ಷದ ಸೈಟಿನ ಮೇಲಿನ ಮನೆ 74ಕ್ಕೆ ಯಾರು ಕೊಡುತ್ತಾರೆ? ಗೋಡೆ ಬಿರುಕು ಬಿಟ್ಟಿದೆ ಅಂತ ಯಾರೂ ಕೊಡುವುದಿಲ್ಲ. ಕಾಗದ ಬಿರುಕು ಬಿಟ್ಟಿದ್ದರೆ ಕೊಡುತ್ತಾರೆ. ನಮ್ಮ ಕಡೆ ಈ ಧಂಧೆಯಲ್ಲಿ ದುಡ್ಡು ಮಾಡಿದವರನ್ನು ನಾನು ಕಂಡಿದ್ದೇನೆ. ಅವರು ರಿಪೇರಿ ಮಾಡಿದ್ದು ಗೋಡೆಯನ್ನಲ್ಲ, ಕಾಗದವನ್ನು. ನನಗೆ ಗೊತ್ತಿರುವ ಒಬ್ಬ ನಿವೃತ್ತ ಸರ್ವೇಯರ್ ಇದ್ದಾರೆ. ಖಾತೆ ಇನ್ನೂ ತಾತನ ಹೆಸರಲ್ಲೇ ಇರುವ, ಎಂಟು ಜನ ವಾರಸುದಾರರು ಎಂಟು ಊರಲ್ಲಿರುವ ಮನೆಗಳನ್ನೇ ಹುಡುಕುತ್ತಾರೆ. ಬಸ್ಸು ಹತ್ತಿ ಹೋಗಿ ಒಬ್ಬೊಬ್ಬರನ್ನೂ ಮಾತಾಡಿಸಿ ಒಪ್ಪಿಸುತ್ತಾರೆ. ಒಂದು ಮನೆಗೆ ಒಂದೂವರೆ ವರ್ಷ ಹಿಡಿದದ್ದೂ ಇದೆ. ಆಮೇಲೆ ಮನೆಗೆ ಸುಣ್ಣ ಹೊಡೆಸುವುದೂ ಇಲ್ಲ, ಹಾಗೇ ಮಾರುತ್ತಾರೆ. ಅದು ಬೇರೆ ಕಸುಬು. ತಾಳ್ಮೆ, ಸಂಬಂಧ, ಕೈಯಲ್ಲಿ ಸಾಲವಿಲ್ಲದ ದುಡ್ಡು, ಮೂರೂ ಬೇಕು.

ನಿಮ್ಮ ಮನೆಯ ಕಾಗದದಲ್ಲೂ ಬಿರುಕು ಇರುವ ಹಾಗಿದೆ. ಆದರೆ ಬೆಲೆಯಲ್ಲಿ ಅದಕ್ಕೆ ರಿಯಾಯಿತಿ ಕಾಣುತ್ತಿಲ್ಲ.

ಮಗ ಭಾವನಿಗೆ ಜಿಪಿಎ ಕೊಟ್ಟಿದ್ದಾರೆ ಅಂತ ಬರೆದಿದ್ದೀರಿ. ಭಾವ ಅಂದರೆ ಹೆಂಡತಿಯ ಅಣ್ಣನೂ ಆಗಬಹುದು, ಅಕ್ಕನ ಗಂಡನೂ ಆಗಬಹುದು. ಅಕ್ಕನ ಗಂಡ ಆದರೆ ಅಕ್ಕ ಇದ್ದಾರೆ ಅಂತಾಯಿತು. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಸ್ವಂತ ಆಸ್ತಿ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ತಾಯಿ ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತ ಆಗಿದ್ದರೂ 2005ರ ತಿದ್ದುಪಡಿಯಿಂದ ಹೆಣ್ಣು ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಉಂಟು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 'ಅಕ್ಕನಿಗೆ ಮದುವೆಯಲ್ಲೇ ಕೊಟ್ಟಾಯ್ತು' ಅನ್ನುವುದು ಮನೆಯೊಳಗಿನ ಮಾತು, ಕೋರ್ಟಿನಲ್ಲಿ ನಡೆಯುವುದಿಲ್ಲ. ವಂಶವೃಕ್ಷ ತರಿಸಿ. ಅದರಲ್ಲಿ ಎಷ್ಟು ಹೆಸರು ಇವೆಯೋ ಕ್ರಯಪತ್ರದಲ್ಲಿ ಅಷ್ಟೂ ಸಹಿ ಬೇಕು. ಸಹಿ ಹಾಕಲು ಬರಲಾಗದವರದ್ದು ಸರಿಯಾದ ಅಧಿಕಾರಪತ್ರವೋ, ನೋಂದಾಯಿತ ಹಕ್ಕುಬಿಡುಗಡೆ ಪತ್ರವೋ ಇರಬೇಕು.

ಜಿಪಿಎ ಅಮೆರಿಕದಿಂದ ಬಂದದ್ದು. ಅಲ್ಲಿನ ನಮ್ಮ ದೂತಾವಾಸದ ದೃಢೀಕರಣವೋ ಅಪೊಸ್ಟಿಲ್ ಮುದ್ರೆಯೋ (ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ) ಇರಬೇಕು. ಇಲ್ಲಿಗೆ ತಲುಪಿದ ಮೂರು ತಿಂಗಳ ಒಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಿರಬೇಕು. ಜಿಪಿಎ ಕೊಟ್ಟವರು ಇವತ್ತಿಗೂ ಅದಕ್ಕೆ ಬದ್ಧರೇ ಅಂತ ವಿಡಿಯೋ ಕಾಲ್ ಮಾಡಿ ಅವರನ್ನೇ ಕೇಳಿ. ನಾಚಿಕೆ ಬೇಡ.

ಮಾರುವವರು ಅನಿವಾಸಿ ಆದರೆ ಟಿಡಿಎಸ್, ಅಂದರೆ ಕೊಳ್ಳುವವರು ಬೆಲೆಯಲ್ಲೇ ಹಿಡಿದು ಕಟ್ಟುವ ತೆರಿಗೆಯ ಕಥೆಯೂ ಬೇರೆ. ಊರಲ್ಲಿರುವವರಿಂದ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿ ಕೊಂಡರೆ ಶೇ. 1 ಹಿಡಿದು ಕಟ್ಟಿದರೆ ಸಾಕು. ಅನಿವಾಸಿಯ ಪಾಲಿಗೆ ಅದು ಸಾಲದು. ಅವರು ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತರದಿದ್ದರೆ ಶೇ. 12.5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಹಿಡಿಯಬೇಕು. ಹಿಡಿಯದಿದ್ದರೆ ಇಲಾಖೆ ಕೇಳುವುದು ಅವರನ್ನಲ್ಲ, ನಿಮ್ಮನ್ನು.

ಬಾಡಿಗೆಯವರ ವಿಷಯಕ್ಕೆ ಬರೋಣ. ಕೆಲವು ವರ್ಷದ ಹಿಂದೆ ಒಂದು ಮನೆಗೆ ಬೆಲೆ ಕಟ್ಟಲು ಹೋಗಿದ್ದೆ. ಮಾರುವವರು 'ಬಾಡಿಗೆಯವರು ಇದ್ದಾರೆ, ಮುಂದಿನ ತಿಂಗಳು ಹೋಗ್ತಾರೆ' ಅಂದಿದ್ದರು. ನಾನು ಅಡುಗೆಮನೆ ಅಳೆಯುತ್ತಿದ್ದೆ. ಒಲೆ ಮುಂದೆ ನಿಂತಿದ್ದ ಹೆಂಗಸು ರೊಟ್ಟಿ ತಿರುವಿ ಹಾಕುತ್ತಾ, 'ನಮ್ಮ ಲೀಸ್ ದುಡ್ಡು ಯಾವಾಗ ಕೊಡ್ತೀರಿ ಸಾರ್?' ಅಂದರು. ಅವರು ಬಾಡಿಗೆಗೆ ಇದ್ದವರಲ್ಲ, ಭೋಗ್ಯಕ್ಕೆ ಇದ್ದವರು. 12 ಲಕ್ಷ ಕೊಟ್ಟಿದ್ದರು. ಛಾಪಾ ಕಾಗದದಲ್ಲಿ ಬರೆದದ್ದು, ನೋಂದಣಿ ಆಗಿರಲಿಲ್ಲ, ಹಾಗಾಗಿ ಇಸಿಯಲ್ಲಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳ ಪಟ್ಟಿ) ಅದರ ಸುಳಿವೇ ಇರಲಿಲ್ಲ. ಮಾಲೀಕರು ಆ ದುಡ್ಡನ್ನು ಯಾವತ್ತೋ ಖರ್ಚು ಮಾಡಿದ್ದರು. ಕೊಂಡವರಿಗೆ ಇದು ಗೊತ್ತಿಲ್ಲದೆ ನೋಂದಣಿ ಆಗಿದ್ದರೆ ಆ ಮನೆ ಖಾಲಿ ಆಗಲು ಎಷ್ಟು ವರ್ಷ ಹಿಡಿಯುತ್ತಿತ್ತೋ. ನಿಮ್ಮ ಮನೆಯ ಬಾಡಿಗೆಯವರ ಜೊತೆ ನೀವೇ ಕೂತು, ಒಂದು ಲೋಟ ಕಾಫಿ ಕುಡಿದು, ಕೇಳಿ ಬನ್ನಿ. ಬ್ರೋಕರನ್ನು ಕರೆದುಕೊಂಡು ಹೋಗಬೇಡಿ.

ಉಳಿದ ಕಾಗದಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಗರಾಭಿವೃದ್ಧಿ ಪ್ರಾಧಿಕಾರದ ಸೈಟಾದರೆ ಮೊದಲು ಲೀಸ್ ಕಂ ಸೇಲ್ ಕರಾರು (ಮೊದಲು ಗುತ್ತಿಗೆ, ಆಮೇಲೆ ಮಾರಾಟ) ಆಗಿರುತ್ತದೆ. ಆಮೇಲೆ ಸಂಪೂರ್ಣ ಕ್ರಯಪತ್ರ ಆಗಿದೆಯೇ ನೋಡಿ. 30 ವರ್ಷದ ಇಸಿ ತೆಗೆಸಿ. ಇತ್ತೀಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಸಿಗುತ್ತದೆ, ಹಳೆಯದಕ್ಕೆ ಉಪನೋಂದಣಿ ಕಚೇರಿಗೆ ಅಲೆಯಬೇಕಾಗಬಹುದು. ಇ-ಖಾತೆ ಇಲ್ಲದೆ ನಗರದ ಆಸ್ತಿ ಈಗ ನೋಂದಣಿ ಆಗುವುದಿಲ್ಲ. ಮಂಜೂರಾದ ನಕ್ಷೆಗೂ ಕಟ್ಟಡಕ್ಕೂ ತಾಳೆ ಇದೆಯೇ ನೋಡಿ. ಹಿಂದೆ ಒಂದು ರೂಮು ಎಳೆದು ಕಟ್ಟಿದ್ದರೆ ನನ್ನಂಥವನು ವರದಿಯಲ್ಲಿ ಅದನ್ನು ಬರೆಯಲೇಬೇಕು. ಹಾಗೆ ಬರೆದ ದಿನ ನಿಮ್ಮ ಪಾರ್ಟಿಯ ಸಾಲಕ್ಕೆ ಕಲ್ಲು ಬಿದ್ದಂತೆ. ಮತ್ತೆ, ಬ್ಯಾಂಕು 65ಕ್ಕೆ ಒಪ್ಪಿದೆ ಅಂದಿರಲ್ಲ, ಅವರು ಇಷ್ಟರವರೆಗೆ ನೋಡಿದ್ದು ನಿಮ್ಮ ಸಂಬಳವನ್ನು. ಮನೆಯನ್ನು ಇನ್ನೂ ನೋಡಿಲ್ಲ.

15 ಲಕ್ಷ ನಗದಿನ ಮಾತು

ಇದನ್ನು ಒಪ್ಪಲೇಬೇಡಿ. ಕಾನೂನಿನ ಮಾತು ಒಂದು ಕಡೆ ಇರಲಿ, ಶುದ್ಧ ವ್ಯಾಪಾರದ ಲೆಕ್ಕದಲ್ಲೂ ಇದು ನಿಮಗೆ ನಷ್ಟ. 75ಕ್ಕೆ ನೋಂದಣಿ ಮಾಡಿಸಿದರೆ ನಿಮಗೆ ಶುಲ್ಕದಲ್ಲಿ ಉಳಿಯುವುದು 1 ಲಕ್ಷ 14 ಸಾವಿರ. ಆದರೆ ನಾಳೆ ಮಾರುವಾಗ ನಿಮ್ಮ ಕೊಂಡ ಬೆಲೆ 90 ಅಂತ ಯಾರೂ ಒಪ್ಪುವುದಿಲ್ಲ, ಕಾಗದದಲ್ಲಿ 75 ಇರುತ್ತದೆ. ಇಲ್ಲದ 15 ಲಕ್ಷ ಲಾಭಕ್ಕೆ ಶೇ. 31.2ರಂತೆ 4 ಲಕ್ಷ 68 ಸಾವಿರ ತೆರಿಗೆ ಕಟ್ಟುತ್ತೀರಿ. ತೆರಿಗೆ ಉಳಿಯುವುದು ಮಾರುವವರಿಗೆ, ಅದನ್ನು ತುಂಬಿಕೊಡುವವರು ನೀವು. ಸಾಲವೂ ಇಳಿಯುತ್ತದೆ. ನಿಮ್ಮಷ್ಟು ಮೊತ್ತದ ಸಾಲಕ್ಕೆ ಮಿತಿ ಶೇ. 80. 75ರ ಶೇ. 80 ಅಂದರೆ 60, ನಿಮ್ಮ 65 ಅಲ್ಲಿಗೆ ಮುಗಿಯಿತು. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳುವ ನಿಯಮವೂ ಇದೆ. ನಾಳೆ ನೀವು ಮಾರುವವರ ಜಾಗದಲ್ಲಿ ಕೂರುತ್ತೀರಿ, ಆಗ ಅದು ನಿಮ್ಮ ತಲೆಗೆ.

ಗೋಡೆಯ ಮಾತು

1990ರ ಸುಮಾರಿನ ಮನೆಗಳ ಕಾಯಿಲೆಗಳು ನನಗೆ ಬಾಯಿಪಾಠ. ಒಳಗಡೆ ತುಕ್ಕು ತುಂಬಿ ಅರ್ಧ ಮುಚ್ಚಿದ ಜಿಐ ಪೈಪು. ಅರ್ಥಿಂಗ್ ಇಲ್ಲದ ವೈರಿಂಗು. ಬಿರುಕು ಬಿಟ್ಟ ಸಂಪು. ಗೆದ್ದಲು ತಿಂದ ಬಾಗಿಲ ಚೌಕಟ್ಟು. ಎಲ್ಲಕ್ಕಿಂತ ದೊಡ್ಡದು ತಾರಸಿ. ನೀರು ಇಳಿದು ಒಳಗಿನ ಕಂಬಿ ತುಕ್ಕು ಹಿಡಿದರೆ ಅದು ಊದುತ್ತದೆ, ಕೆಳಗಿನ ಕಾಂಕ್ರೀಟನ್ನು ತಳ್ಳುತ್ತದೆ. ಕೋಲಿನ ತುದಿಯಿಂದ ಸೂರನ್ನು ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ 'ಟಕ್' ಅನ್ನುತ್ತದೆ, ಊದಿದಲ್ಲಿ ಮಡಕೆ ತಟ್ಟಿದ ಹಾಗೆ ಟೊಳ್ಳು ಸದ್ದು. ಬಾತ್‌ರೂಮಿನ ಸೂರನ್ನು ಮರೆಯಬೇಡಿ, ಮೊದಲು ಕೊಳೆಯುವುದು ಅದೇ.

ಒಂದು ಸಲ ಹೊಸದಾಗಿ ಬಣ್ಣ ಹೊಡೆದ ಮನೆಗೆ ಹೋಗಿದ್ದೆ. ಮಲಗುವ ಕೋಣೆಯಲ್ಲಿ ಒಂದೇ ಒಂದು ಕ್ಯಾಲೆಂಡರ್, ಅದೂ ಗೋಡೆಯ ಮೂಲೆಯಲ್ಲಿ, ಕೆಳಗಡೆ. ಅಲ್ಲಿ ಯಾರು ತೂಗುಹಾಕುತ್ತಾರೆ ಅಂತ ಎತ್ತಿ ನೋಡಿದೆ. ಮೊಳೆಯ ಜೊತೆಗೆ ಅಂಗೈ ಅಗಲದ ಗಾರೆ ಕೈಗೆ ಬಂತು. ಹಿಂದೆ ಉಪ್ಪು ಹೂ ಬಿಟ್ಟ ಇಟ್ಟಿಗೆ. ಮನೆ ನೋಡಲು ಮಳೆ ಬಂದ ಮಾರನೇ ದಿನ ಹೋಗಿ, ಬೀರು ಸರಿಸಿ ನೋಡಿ.

ಇನ್ನೊಂದು. ಆ ಕಾಲದ ಬಹಳ ಮನೆಗಳಲ್ಲಿ ಕಂಬ ತೊಲೆ ಇಲ್ಲ, ತಾರಸಿಯ ಭಾರವನ್ನೆಲ್ಲ ಗೋಡೆಯೇ ಹೊತ್ತಿರುತ್ತದೆ. ವಿಡಿಯೋದಲ್ಲಿ ಸುತ್ತಿಗೆ ತೆಗೆದುಕೊಂಡು ಅಡುಗೆಮನೆ ಗೋಡೆ ಒಡೆದು ಹಾಲಿಗೆ ಸೇರಿಸುತ್ತಾರಲ್ಲ, ಇಲ್ಲಿ ಹಾಗೆ ಒಡೆದರೆ ತಾರಸಿಯೂ ಜೊತೆಗೇ ಬರಬಹುದು. 10 ಯಾಕೆ 13 ಆಗುತ್ತದೆ ಅಂದರೆ ಇದಕ್ಕೇ. ಒಂದನ್ನು ಮುಟ್ಟಿದರೆ ಇನ್ನೊಂದು ಬಾಯಿ ಬಿಡುತ್ತದೆ.

ದುಡ್ಡು ಹಾಕುವುದಾದರೆ ತಾರಸಿಯ ನೀರು ತಡೆಗೆ, ಪೈಪಿಗೆ, ವೈರಿಗೆ, ಬಾತ್‌ರೂಮಿಗೆ ಹಾಕಿ. ರೆಡ್ ಆಕ್ಸೈಡ್ ನೆಲ ಚೆನ್ನಾಗಿದ್ದರೆ ಕೀಳಬೇಡಿ, ಪಾಲಿಶ್ ಹಾಕಿಸಿ. ವಾಸ್ತುವನ್ನು ನಾನು ನಂಬುತ್ತೇನೋ ಬಿಡುತ್ತೇನೋ, ಕೊಳ್ಳಲು ಬರುವವರು ಬಾಗಿಲಲ್ಲೇ ದಿಕ್ಸೂಚಿ ತೆಗೆಯುತ್ತಾರೆ. ದಕ್ಷಿಣದ ಬಾಗಿಲು ಅಂತ ನಿಮಗೆ ಕಡಿಮೆಗೆ ಸಿಕ್ಕಿದ್ದರೆ ನಿಮ್ಮಿಂದ ಹೋಗುವುದೂ ಕಡಿಮೆಗೇ.

ಹಾಗಾದರೆ ಏನು ಮಾಡಬಹುದು?

ನನಗೆ ಎಲ್ಲಕ್ಕಿಂತ ಹಿಡಿಸುವ ದಾರಿ: ಕೊಂಡು, ಅದರಲ್ಲೇ ಇದ್ದುಬಿಡುವುದು. ನಿಮ್ಮ ಕಂಪನಿ ಮನೆಯಿಂದ ಕೆಲಸ ಮಾಡಲು ಬಿಡುತ್ತದೆ ಅಂದರೆ, ಅಥವಾ ಬೆಂಗಳೂರಿನಲ್ಲೇ ಇಂಥ ಮನೆ ಸಿಕ್ಕಿತು ಅಂದರೆ. ಬಾಡಿಗೆ ಉಳಿಯುತ್ತದೆ, ರಿಪೇರಿಯನ್ನು ನಿಧಾನಕ್ಕೆ ಕಣ್ಣೆದುರು ಮಾಡಿಸಬಹುದು. 24 ತಿಂಗಳು ದಾಟಿದ ಮೇಲೆ ಮಾರಿದರೆ ತೆರಿಗೆ ದರ ಶೇ. 12.5. ಆ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆಗೆ ಹಾಕಿದರೆ ಅದಕ್ಕೂ ವಿನಾಯಿತಿ ಇದೆ. ಬೆಲೆ ಏರದಿದ್ದರೆ? ಇರಲು ಒಂದು ಮನೆಯಂತೂ ಇರುತ್ತದೆ. ಸಮಸ್ಯೆ ಏನೆಂದರೆ ಎರಡು ವರ್ಷ ಸಂಸಾರ ಸಿಮೆಂಟು ಧೂಳಿನಲ್ಲಿ ಇರಬೇಕು. ಮನೆಯವರನ್ನು ಕೇಳಿ.

ಬ್ಯಾಂಕಿನ ಹರಾಜು ಇನ್ನೊಂದು ದಾರಿ. ಸಾಲ ಕಟ್ಟದವರಿಂದ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ವಶಪಡಿಸಿಕೊಂಡ ಮನೆಗಳು ಕೆಲವು ಸಲ ಪೇಟೆ ಬೆಲೆಗಿಂತ ಇಳಿಕೆಗೆ ಸಿಗುತ್ತವೆ. ಆದರೆ 'ಇದ್ದದ್ದು ಇದ್ದಂತೆ' ಮಾರುತ್ತಾರೆ. ಹರಾಜು ನಿಮ್ಮದಾದರೆ ಅವತ್ತೋ ಮರುದಿನವೋ ಶೇ. 25 ಕಟ್ಟಬೇಕು, ಉಳಿದದ್ದು ಸಾಮಾನ್ಯವಾಗಿ 15 ದಿನದಲ್ಲಿ. ಆ ವೇಗಕ್ಕೆ ನಿಮ್ಮ ಸಾಲ ಓಡಿಬರುತ್ತದಾ? ಪ್ರಕಟಣೆಯಲ್ಲಿ 'ಸಾಂಕೇತಿಕ ಸ್ವಾಧೀನ' ಅಂತಿದ್ದರೆ ಒಳಗೆ ಹಳೆ ಮಾಲೀಕರು ಇನ್ನೂ ಇದ್ದಾರೆ ಅಂತ ಅರ್ಥ. ಮೊದಲ ಸಲದವರು ಅಂಥದ್ದರ ಹತ್ತಿರ ಹೋಗಬಾರದು.

ಕೆಲವರು ಅಗ್ರಿಮೆಂಟ್ ಹಾಕಿ, ಮುಂಗಡ ಕೊಟ್ಟು, ನೋಂದಣಿಯ ಗಡುವಿನ ಒಳಗೆ ಬೇರೆ ಪಾರ್ಟಿ ಹುಡುಕಿ ತಿರುಗಿಸಿಬಿಡುತ್ತಾರೆ. ಶೇ. 7.6 ಉಳಿಯುತ್ತದೆ, ನಿಜ. ಪಾರ್ಟಿ ಸಿಗದಿದ್ದರೆ ಮುಂಗಡ ಹೋಯಿತು. ಕೆಲವರು ಜಿಪಿಎ ಬರೆಸಿಕೊಂಡು 'ಇನ್ನು ಮನೆ ನಂದೇ' ಅಂದುಕೊಳ್ಳುತ್ತಾರೆ. ಜಿಪಿಎಯಿಂದ ಒಡೆತನ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಕೊಳ್ಳದೇ ಮಾಡುವ ದಾರಿಯೂ ಒಂದಿದೆ, ಹೊಸಬರಿಗೆ ಇದು ಒಳ್ಳೆಯ ಪಾಠಶಾಲೆ. ಮಾರಲು ಇಟ್ಟು ವರ್ಷವಾದರೂ ಹೋಗದ ಮನೆಯ ಮಾಲೀಕರ ಜೊತೆ ಮಾತಾಡಿ. ಮನೆ ಅವರದ್ದು, ರಿಪೇರಿ ಖರ್ಚು ನಿಮ್ಮದು. ಒಪ್ಪಿದ ಬೆಲೆಗಿಂತ ಮೇಲೆ ಬಂದದ್ದರಲ್ಲಿ ಪಾಲು. ನೋಂದಣಿ ಶುಲ್ಕವಿಲ್ಲ, ಗೃಹಸಾಲವಿಲ್ಲ. ಐದಾರು ಲಕ್ಷದಲ್ಲಿ ಕಲಿಯಬಹುದು. ಮನೆ ಹೊಳೆಯುವಂತಾದ ಮೇಲೆ 'ಮಾರುವುದೇ ಬೇಡ ಅನ್ನಿಸ್ತಿದೆ' ಅಂತ ಮಾಲೀಕರು ಅನ್ನುವುದು ಉಂಟು, ಹಾಗಾಗಿ ನಿಮ್ಮ ಖರ್ಚು ವಾಪಸ್ ಕೊಡುವ ಷರತ್ತನ್ನು ಮೊದಲೇ ವಕೀಲರಿಂದ ಬರೆಸಿ.

ಕೆಲಸ ಬಿಡುವ ಮಾತು ಈಗ ಬೇಡ. ಸಾಲ ಸಿಗುತ್ತಿರುವುದೇ ಆ ಸಂಬಳದ ಚೀಟಿಯಿಂದ. ಮತ್ತೆ ಇದನ್ನೇ ಕಸುಬಾಗಿ ಮಾಡುತ್ತಾ ಹೋದರೆ ಆದಾಯ ತೆರಿಗೆಯವರು ಇದನ್ನು ವ್ಯಾಪಾರದ ಆದಾಯ ಅಂತಲೇ ನೋಡಬಹುದು, ಆಗ ಶೇ. 12.5ರ ಅನುಕೂಲವೂ ಇಲ್ಲ.

ಹೆಂಡತಿಯ ಹೆಸರಲ್ಲಿ ತೆಗೆದುಕೊಂಡರೆ ತೆರಿಗೆ ಉಳಿಯುವುದಿಲ್ಲ. ದುಡ್ಡು ನಿಮ್ಮದಾದರೆ ಲಾಭವನ್ನೂ ನಿಮ್ಮ ಆದಾಯಕ್ಕೇ ಸೇರಿಸುತ್ತಾರೆ. ಕೆಲವು ರಾಜ್ಯಗಳಲ್ಲಿ ಹೆಂಗಸರಿಗೆ ಮುದ್ರಾಂಕ ಶುಲ್ಕ ಕಡಿಮೆ, ನಮ್ಮಲ್ಲಿ ಅದೂ ಇಲ್ಲ. ಅಂದಹಾಗೆ, ಅವರಿಗೆ ಇಷ್ಟವಿಲ್ಲ ಅನ್ನುವುದು ಬೇರೆ ಮಾತು ಅಂದಿರಿ. ಅವರು ಮೈಸೂರಿನವರೇ ಆಗಿದ್ದರೆ ಆ ಬೀದಿಯ ಬೆಲೆ ಅವರಿಗೆ ಗೊತ್ತಿರಲೂಬಹುದು.

ಇನ್ನು ಶುಕ್ರವಾರ. ಟೋಕನ್ ಕೊಡಬೇಡಿ, ಕಾಗದಗಳ ಜೆರಾಕ್ಸ್ ಕೇಳಿ. ಕೊಡಲು ತಯಾರಿಲ್ಲ ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಕೊಟ್ಟರೆ ವಕೀಲರ ಕೈಗೆ ಹಾಕಿ, ಬೆಲೆಯ ಮಾತನ್ನು 75ರ ಆಸುಪಾಸಿನಿಂದ ಮತ್ತೆ ಶುರು ಮಾಡಿ. ನಗುತ್ತಾರೆ, ನಗಲಿ. ಕಾಗದ ಚೆನ್ನಾಗಿದ್ದು ಬೆಲೆಯೂ ಕುದುರಿ, ಮುಂಗಡ ಕೊಡಲೇಬೇಕು ಅಂತಾದರೆ ಚೆಕ್ಕಿನಲ್ಲಿ ಕೊಡಿ. ವಾರಸುದಾರರಲ್ಲಿ ಇಲ್ಲಿರುವವರೆಲ್ಲ ಕರಾರಿಗೆ ಸಹಿ ಹಾಕಲಿ. 'ವಕೀಲರ ಅಭಿಪ್ರಾಯ ಅಥವಾ ಬ್ಯಾಂಕಿನ ಮಂಜೂರಾತಿ ಬಾರದಿದ್ದರೆ 15 ದಿನದಲ್ಲಿ ಮುಂಗಡ ಪೂರ್ತಿ ವಾಪಸ್, ನೋಂದಣಿಯ ದಿನ ಮನೆ ಖಾಲಿ' ಅಂತ ಎರಡು ಸಾಲು ಅದರಲ್ಲಿ ಇರಲಿ.